ಚೈನ್ ಸಾ ಬಲಕ್ಕೆ ಬಾಗಿ ಕೊಯ್ಯುತ್ತಿದೆ, ಬಾರ್‌ನಿಂದ ಹೊಗೆ ಬರುತ್ತಿದೆ

ಪ್ರಶ್ನೆ:
ನಮಸ್ಕಾರ. ನನ್ನದು ಪೆಟ್ರೋಲ್ ಚೈನ್ ಸಾ, 16 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆ ಪಟ್ಟಿ), 0.325 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನು. ಬಿದ್ದ ಮರಗಳನ್ನು ತುಂಡು ಮಾಡಲು ಬಳಸುತ್ತೇನೆ. ಹೋದ ವಾರ ನಾನೇ ಅರ ಹಿಡಿದು ಚೈನ್ ಮಸೆದೆ. ಆಮೇಲಿಂದ ಕೊಯ್ತ ಬಲಕ್ಕೆ ಎಳೆಯುತ್ತಿದೆ. ಅರ್ಧ ದಿಮ್ಮಿ ಇಳಿಯುವಷ್ಟರಲ್ಲಿ ಬಾರ್ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿ ಒತ್ತಿದರೆ ಹೊಗೆ. ಚಕ್ಕೆ ಬದಲು ಹಿಟ್ಟಿನಂಥ ಪುಡಿ ಬೀಳುತ್ತದೆ. ಆಕ್ಸಿಲರೇಟರ್ ಬಿಟ್ಟಾಗಲೂ ಚೈನ್ ನಿಧಾನಕ್ಕೆ ತಿರುಗುತ್ತಿರುತ್ತದೆ, ಅದು ಮಾಮೂಲು ಅಲ್ವಾ? ಹೊಸ ಬಾರ್ ತರಬೇಕಾ?

ಉತ್ತರ 1:
ಬಾರ್ ಈಗಲೇ ತರಬೇಡಿ. ಮೊದಲು ಒತ್ತುವುದನ್ನು ನಿಲ್ಲಿಸಿ. ಹರಿತ ಇರುವ ಚೈನ್ ಗರಗಸದ ತೂಕಕ್ಕೇ ಮರದೊಳಗೆ ಇಳಿಯುತ್ತದೆ. ಪುಡಿ ಬೀಳುತ್ತಿದೆ ಅಂದರೆ ಹಲ್ಲು ಮೊಂಡಾಗಿದೆ, ಮರವನ್ನು ಬರೀ ಉಜ್ಜುತ್ತಿದೆ.

ಬಲಕ್ಕೆ ಎಳೆಯುತ್ತಿದ್ದರೆ ಬಲಬದಿಯ ಹಲ್ಲುಗಳು ಉದ್ದ ಅಥವಾ ಜಾಸ್ತಿ ಹರಿತ ಇರುತ್ತವೆ. ಕೈಯಲ್ಲಿ ಮಸೆಯುವಾಗ ಒಂದು ಬದಿ ಕೈಗೆ ಚೆನ್ನಾಗಿ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಹೀಗೆ ಮಾಡಿ. ಎಂಜಿನ್ ಆರಿಸಿ, ಪ್ಲಗ್ ವೈರ್ ತೆಗೆಯಿರಿ, ಗ್ಲೌಸ್ ಹಾಕಿ. ಎಲ್ಲಕ್ಕಿಂತ ಗಿಡ್ಡ ಹಲ್ಲು ಯಾವುದೆಂದು ಅಳೆದು ಹುಡುಕಿ. ಉಳಿದವನ್ನೆಲ್ಲ ಅದರ ಅಳತೆಗೆ ಇಳಿಸಿ. ನಿಮ್ಮ ಚೈನಿಗೆ 4.8 ಮಿ.ಮೀ. ದುಂಡು ಅರ ಬೇಕು. ಕೋನ ಸಾಮಾನ್ಯವಾಗಿ 30 ಡಿಗ್ರಿ, ಹಲ್ಲಿನ ಮೇಲೇ ಅದರ ಗೆರೆ ಇದ್ದರೆ ಆ ಗೆರೆ ಹಿಡಿಯಿರಿ. ಅರವನ್ನು ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ತರುವಾಗ ಎತ್ತಿಬಿಡಿ, ಎಳೆದರೆ ಅರವೇ ಹಾಳಾಗುತ್ತದೆ.

ಹಲ್ಲಿನ ಮುಂದೆ ಒಂದು ಸಣ್ಣ ಗುಬ್ಬಿ ಇದೆ ನೋಡಿ, ಅದು ಡೆಪ್ತ್ ಗೇಜ್. ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಅಳತೆಪಟ್ಟಿ ಇಟ್ಟೇ ಉಜ್ಜಿ. ಅಂದಾಜಿಗೆ ಜಾಸ್ತಿ ಇಳಿಸಿದರೆ ಹಲ್ಲು ಮರವನ್ನು ಆಳಕ್ಕೆ ಕಚ್ಚಿ ಗರಗಸ ಒದೆಯುತ್ತದೆ.

ಹೊಗೆಗೆ ಎಣ್ಣೆ ಹೋಗದಿರುವುದೂ ಕಾರಣ ಇರಬಹುದು. ಬಾರ್ ತುದಿಯನ್ನು ಒಣ ಹಲಗೆಗೆ ಗೇಣು ದೂರದಲ್ಲಿ ಹಿಡಿದು ರೇಸ್ ಮಾಡಿ. ಹಲಗೆ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಹಳೇ ಎಂಜಿನ್ ಆಯಿಲ್ ಮಾತ್ರ ಸುರಿಯಬೇಡಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಬಾರ್‌ಗೆ ಅಂಟಿಕೊಂಡು ನಿಲ್ಲುವುದೂ ಇಲ್ಲ.

ಉತ್ತರ 2:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನೀವು ಕೊನೆಗೆ ಸುಮ್ನೆ ಕೇಳಿದ ಪ್ರಶ್ನೆಯೇ ನನಗೆ ಭಯ ಹುಟ್ಟಿಸಿದ್ದು. ಆಕ್ಸಿಲರೇಟರ್ ಬಿಟ್ಟ ಮೇಲೆ ಚೈನ್ ತಿರುಗುವುದು ಖಂಡಿತ ಮಾಮೂಲಲ್ಲ. ಒಂದು ತುಂಡು ಮುಗಿಸಿ ಇನ್ನೊಂದಕ್ಕೆ ಹೆಜ್ಜೆ ಇಡುವಾಗ ಬಾರ್ ನಿಮ್ಮ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ. ಇದು ಸರಿಯಾಗುವ ತನಕ ದಯವಿಟ್ಟು ಮರ ಮುಟ್ಟಬೇಡಿ.

ಏರ್ ಫಿಲ್ಟರ್ ಶುಚಿ ಮಾಡಿ. ಆಮೇಲೆ ಐಡ್ಲಿಂಗ್ ಸ್ಕ್ರೂವನ್ನು (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ ಹೊಂದಿಸುವುದು) ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಚೈನ್ ನಿಲ್ಲಬೇಕು, ಎಂಜಿನ್ ಆರಬಾರದು. ಅದಕ್ಕೂ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ನೋಡಿ. ಸ್ಪ್ರಿಂಗ್ ಸಡಿಲವಾದರೆ ಅಥವಾ ಮುರಿದರೆ ಕ್ಲಚ್ ಬಿಡುವುದೇ ಇಲ್ಲ.

ಚೈನ್ ಬ್ರೇಕನ್ನೂ ಪರೀಕ್ಷಿಸಿ. ಎರಡೂ ಕೈಯಲ್ಲಿ ಗಟ್ಟಿ ಹಿಡಿದು ರೇಸ್ ಮಾಡಿ, ಎಡ ಮಣಿಕಟ್ಟಿನಿಂದ ಮುಂದಿನ ಗಾರ್ಡನ್ನು ತಳ್ಳಿ. ಚೈನ್ ತಕ್ಷಣ ನಿಲ್ಲಬೇಕು. ಬಾರ್ ತುದಿಯ ಮೇಲರ್ಧ ಮರಕ್ಕೆ ತಾಗಿದರೆ ಗರಗಸ ಮುಖದ ಕಡೆಗೆ ಚಿಮ್ಮುತ್ತದೆ. ನಿಮಗೆ ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ, ಆಗ ಕಾಯುವುದು ಆ ಬ್ರೇಕ್ ಒಂದೇ. ಸಿಕ್ಕಿಕೊಂಡ ಬಾರನ್ನು ಎಂಜಿನ್ ಓಡುತ್ತಿರುವಾಗ ಎಳೆಯಬೇಡಿ. ಆರಿಸಿ, ಬೆಣೆ ಹೊಡೆದು, ಕೊಯ್ತ ಬಿಡಿಸಿಕೊಂಡು ತೆಗೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಾರ್ ಬಿಚ್ಚಿದೆ. ಎಣ್ಣೆ ಬರುವ ತೂತಿನಲ್ಲಿ ಪುಡಿಯೂ ಎಣ್ಣೆಯೂ ಕಲೆತು ಮೇಣದ ಹಾಗೆ ಗಟ್ಟಿಯಾಗಿತ್ತು. ತೆಳು ತಂತಿಯಲ್ಲಿ ಕೆರೆದೆ. ಈಗ ಹಲಗೆ ಮೇಲೆ ಗೆರೆ ಬೀಳುತ್ತಿದೆ. ಎಡಬದಿಯ ಹಲ್ಲುಗಳು ಬಲಬದಿಗಿಂತ ಹೆಚ್ಚುಕಮ್ಮಿ 1 ಮಿ.ಮೀ. ಗಿಡ್ಡ ಇದ್ದವು, ಸರಿ ಮಾಡಿದೆ. ಸ್ಕ್ರೂ ತಿರುಗಿಸಿದರೂ ಚೈನ್ ನಿಲ್ಲಲಿಲ್ಲ. ಕ್ಲಚ್ ತೆರೆದರೆ ಒಂದು ಸ್ಪ್ರಿಂಗಿನ ಕೊಕ್ಕೆ ಮುರಿದು ಒಳಗೆ ಬಿದ್ದಿತ್ತು. ಹೊಸದು ಹಾಕಿದ ಮೇಲೆ ಚೈನ್ ಅಲುಗದೆ ನಿಂತಿದೆ. ಕೊಯ್ತವೂ ನೇರ, ಚಕ್ಕೆ ಉದುರುತ್ತಿದೆ. ಇನ್ನೊಂದು ಅನುಮಾನ. ಹತ್ತು ನಿಮಿಷ ಕೊಯ್ದ ಮೇಲೆ ಚೈನ್ ಬಾರಿನ ಕೆಳಗೆ ಜೋತುಬೀಳುತ್ತದೆ. ಆಗಲೇ ಬಿಗಿ ಮಾಡಬಹುದಾ?

ಉತ್ತರ 1:
ಬಿಸಿಗೆ ಚೈನ್ ಹಿಗ್ಗುತ್ತದೆ. ಕೆಲಸ ನಿಲ್ಲಿಸಿ, ಆರಲು ಬಿಟ್ಟು, ಬಾರ್ ತುದಿ ಮೇಲಕ್ಕೆತ್ತಿ ಹಿಡಿದು ಬಿಗಿ ಮಾಡಿ. ಚೈನ್ ಬಾರಿನ ಕೆಳಬದಿಗೆ ತಾಗಿಕೊಂಡಿರಬೇಕು, ಗ್ಲೌಸ್ ಹಾಕಿದ ಕೈಯಲ್ಲಿ ಎಳೆದರೆ ಸರಾಗವಾಗಿ ಓಡಬೇಕು. ಬಿಸಿ ಇರುವಾಗ ಬಿಗಿ ಮಾಡಲೇಬೇಕಾಗಿ ಬಂದರೆ ಕೆಲಸ ಮುಗಿದ ಕೂಡಲೇ ಸಡಿಲಿಸಿ. ಇಲ್ಲದಿದ್ದರೆ ಆರುವಾಗ ಕುಗ್ಗಿ ಬೇರಿಂಗಿಗೆ ಪೆಟ್ಟು ಬೀಳುತ್ತದೆ. ಅಂದಹಾಗೆ, ಬಾರ್ ಹೇಗೂ ಬಿಚ್ಚುತ್ತೀರಿ, ಪ್ರತಿ ಸಲ ಮಸೆಯುವಾಗ ಅದನ್ನು ಮೇಲೆ ಕೆಳಗೆ ತಿರುಗಿಸಿ ಹಾಕಿ. ಅಂಚು ಎರಡೂ ಕಡೆ ಒಂದೇ ಸಮ ಸವೆಯುತ್ತದೆ.