ಒಂಬತ್ತು ವರ್ಷದ ನಂತರ ಮತ್ತೆ ಕೈಟ್‌ಸರ್ಫಿಂಗ್: ಗೋವಾದ ಸಣ್ಣ ಗಾಳಿಗೆ ಏನು ತೆಗೆದುಕೊಳ್ಳಲಿ?

ಕೇಳಿದವರು, ಹುಬ್ಬಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ದೊಡ್ಡ ಗಾಳಿಪಟದ (ಕೈಟ್) ಎಳೆತಕ್ಕೆ ಬೋರ್ಡ್ ಮೇಲೆ ನಿಂತು ನೀರಿನ ಮೇಲೆ ಸಾಗುವ ಕೈಟ್‌ಸರ್ಫಿಂಗ್ ನಾನು ಕಲಿತದ್ದು ಶ್ರೀಲಂಕಾದ ಕಲ್ಪಿಟಿಯದಲ್ಲಿ. ಜುಲೈ ತಿಂಗಳು, ದಿನವೂ 20 ನಾಟ್ (ಗಂಟೆಗೆ ಸುಮಾರು 37 ಕಿಮೀ) ಗಾಳಿ, ಸೊಂಟದ ಮಟ್ಟದ ನೀರು. ಆಮೇಲೆ ಮದುವೆ, ಮಕ್ಕಳು, ಮೊಣಕಾಲು ನೋವು. ಒಂಬತ್ತು ವರ್ಷ ನೀರಿಗೆ ಇಳಿಯಲೇ ಇಲ್ಲ. ಈಗ ಹುಬ್ಬಳ್ಳಿಗೆ ಬಂದು ನೆಲೆಸಿದ್ದೇನೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಶನಿವಾರ, ಭಾನುವಾರ ಗೋವಾದ ಅಶ್ವೆಂ ಕಡೆ ಹೋಗುವ ಆಸೆ. ಅಲ್ಲಿ ಸಾಮಾನ್ಯವಾಗಿ 11ರಿಂದ 14 ನಾಟ್ ಸಿಗುತ್ತದೆ ಅಂತ ಕೇಳಿದ್ದೇನೆ. ನನ್ನ ತೂಕ 86 ಕೆಜಿ. ಅಟ್ಟದ ಮೇಲೆ ಹಳೆಯ 9 ಮತ್ತು 12 (ಚದರ) ಮೀಟರ್ ಕೈಟ್, ಲೈನ್‌ಗಳ ಮೂಲಕ ಕೈಟ್ ನಡೆಸುವ ಹಿಡಿಕೆ ಅಂದರೆ ಒಂದು ಬಾರ್, 136 ಸೆಂಟಿಮೀಟರ್ ಬೋರ್ಡ್ ಇವೆ. 17 ಮೀಟರ್ ಕೈಟ್ ಕೊಳ್ಳಲಾ? ಇಲ್ಲ, ನೇರವಾಗಿ ಫಾಯಿಲ್ (ಅಡಿಯಲ್ಲಿ ಕಂಬ, ರೆಕ್ಕೆ ಇದ್ದು ನೀರಿನಿಂದ ಮೇಲೇಳುವ ಬೋರ್ಡ್) ಕಲಿಯಲಾ? ಅನುಭವ ಇರುವವರು ಹೇಳಿ.

ಬೆಂಗಳೂರಿನಿಂದ ಒಬ್ಬರು

ಸರ್, ಕೈಟಿಗೆ ದುಡ್ಡು ಹಾಕುವ ಮುಂಚೆ ಬೋರ್ಡ್ ಬದಲಾಯಿಸಿ. ನಾನು ಇದನ್ನು ಉಲ್ಟಾ ಮಾಡಿ ಎರಡು ಸೀಸನ್ ಕಳೆದುಕೊಂಡೆ.

ನನ್ನ ತೂಕ 84. ಗೋವಾದಲ್ಲಿ 12 ಮೀಟರ್ ಎಳೆಯುವುದಿಲ್ಲ ಅನ್ನಿಸಿ 17 ಮೀಟರ್ ತಂದೆ. ಎಳೆತವೇನೋ ಬಂತು, ಆದರೆ ನನ್ನ 138ರ ಬೋರ್ಡ್ ನೀರಿನ ಮೇಲೆ ಏಳುತ್ತಲೇ ಇರಲಿಲ್ಲ. ಪ್ರತಿ ಸಲವೂ ಗಾಳಿ ಬೀಸುವ ಕಡೆಗೇ ಜಾರಿ ಹೋಗಿ, ಬೋರ್ಡ್ ಕಂಕುಳಲ್ಲಿ ಇಟ್ಟುಕೊಂಡು ಮರಳಲ್ಲಿ ವಾಪಸ್ ನಡೆಯುವುದು. ಒಂದು ಮಧ್ಯಾಹ್ನ ಗೆಳೆಯರೊಬ್ಬರು ತಮ್ಮ 160 ಉದ್ದ, 46 ಅಗಲದ ಚಪ್ಪಟೆ ಬೋರ್ಡ್ ಕೊಟ್ಟರು. ಅದೇ ಗಾಳಿ, ಅವರ 14 ಮೀಟರ್ ಕೈಟ್. ಹೊರಟ ಜಾಗಕ್ಕೇ ತಿರುಗಿ ಬಂದೆ. ಆ ಖುಷಿ ಇನ್ನೂ ನೆನಪಿದೆ.

ಕಾರಣ ಇಷ್ಟೇ. ತುದಿಗಳು ಮೇಲಕ್ಕೆ ಬಾಗಿದ ಸಣ್ಣ ಬೋರ್ಡ್ ನೀರನ್ನು ತಳ್ಳುತ್ತದೆ. ಅಗಲವಾದ ಚಪ್ಪಟೆ ಬೋರ್ಡ್ ನೀರಿನ ಮೇಲೆ ಬೇಗ ಏಳುತ್ತದೆ, ಕಡಿಮೆ ಎಳೆತ ಸಾಕು. ಕೈಟಿನ ಹಾಗೆ ಅದಕ್ಕೆ ವಯಸ್ಸಾಗುವುದೂ ಕಡಿಮೆ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಧೈರ್ಯವಾಗಿ ತೆಗೆದುಕೊಳ್ಳಿ.

ಕೈಟಿನ ಅಳತೆಗೆ ಒಂದು ಅಂದಾಜು ಲೆಕ್ಕವಿದೆ. ತೂಕವನ್ನು 2.2ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. ನಿಮಗೆ 20 ನಾಟ್‌ನಲ್ಲಿ ಒಂಬತ್ತೂವರೆ ಬರುತ್ತದೆ. ಕಲ್ಪಿಟಿಯದಲ್ಲಿ 9 ಮೀಟರ್ ಸಾಕಾಗಿರಬೇಕು, ಅಲ್ವಾ? 14 ನಾಟ್‌ಗೆ ಹದಿಮೂರೂವರೆ, 12ಕ್ಕೆ ಹತ್ತಿರ ಹತ್ತಿರ 16. ದೊಡ್ಡ ಬೋರ್ಡ್ ಇದ್ದರೆ ಇದರಲ್ಲಿ ಒಂದು ಅಳತೆ ಕಡಿಮೆ ಸಾಕು. ಹಾಗಾಗಿ ನಿಮಗೆ 17 ಬೇಡ, 14 ಅಥವಾ 15 ಸರಿ. ಇನ್ನೊಂದು ವಿಷಯ, ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ. 10 ನಾಟ್‌ಗೂ 14ಕ್ಕೂ ನಡುವೆ ಬಲ ಹೆಚ್ಚುಕಡಿಮೆ ಎರಡು ಪಟ್ಟು. ಸಣ್ಣ ಗಾಳಿಯಲ್ಲಿ ಎರಡು ನಾಟ್ ಹೆಚ್ಚುಕಮ್ಮಿ ಆದರೆ ಇಡೀ ದಿನವೇ ಬೇರೆ. ಜೊತೆಗೆ ನಮ್ಮ ಕಡೆಯ ಬಿಸಿ ಗಾಳಿ ತೆಳು. ತಣ್ಣನೆ ಸಮುದ್ರದಲ್ಲಿ ಅದೇ 12 ನಾಟ್ ಸ್ವಲ್ಪ ಜಾಸ್ತಿ ಎಳೆಯುತ್ತದೆ.

ಕೈಟ್ ಕೊಳ್ಳುವಾಗ ಅಳತೆಗಿಂತ ಭಾರ ನೋಡಿ. ಸಣ್ಣ ಗಾಳಿ ಆಗಾಗ ನಿಲ್ಲುತ್ತದೆ. ಆಗ ಭಾರದ ಕೈಟ್ ನೀರಿಗೆ ಬೀಳುತ್ತದೆ, ಒದ್ದೆಯಾದ ಮೇಲೆ ಮತ್ತೆ ಏಳುವುದಿಲ್ಲ. ನಡುವೆ ಒಂದೇ ಸ್ಟ್ರಟ್ (ಗಾಳಿ ತುಂಬಿದ ಆಧಾರದ ಕೊಳವೆ) ಇರುವ ಹಗುರ ಕೈಟ್ ಆ ಹತ್ತು ಸೆಕೆಂಡ್ ತೇಲಿಕೊಂಡು ಇರುತ್ತದೆ. ನಾನು 17ನ್ನು ಮಾರಿ ಅಂಥ 14 ತೆಗೆದುಕೊಂಡೆ.

ಮಂಗಳೂರಿನಿಂದ ಇನ್ನೊಬ್ಬರು

ಬೋರ್ಡ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಆದರೆ ಮಾರಾಯ್ರೆ, ಅಟ್ಟದ ಮೇಲಿನ ಆ ಬಾರ್ ಹಿಡಿದು ಹಾಗೆಯೇ ನೀರಿಗೆ ಇಳಿಯಬೇಡಿ.

ಮೊದಲು ಲೈನ್ ಅಳೆಯಿರಿ. ನಾಲ್ಕೂ ಲೈನ್‌ಗಳ ತುದಿಯನ್ನು ಒಂದು ಕಂಬಕ್ಕೆ ಸಿಕ್ಕಿಸಿ, ಬಾರ್ ಹಿಡಿದು ಹಿಂದಕ್ಕೆ ಬಿಗಿಯಾಗಿ ಎಳೆಯಿರಿ. ನಾಲ್ಕೂ ಒಂದೇ ಬಿಗಿ ಇರಬೇಕು. ಭಾರವೆಲ್ಲ ಹೊರುವುದು ಮುಂದಿನ ಎರಡು ಲೈನ್. ಅವು ವರ್ಷಗಳಲ್ಲಿ ಉದ್ದವಾಗುತ್ತವೆ. ಆಗ ಹಿಂದಿನವು ಗಿಡ್ಡ ಬಿದ್ದ ಹಾಗೆ ಆಗಿ, ಕೈಟ್ ಹಿಂದಕ್ಕೆ ವಾಲಿ ಬೀಳುತ್ತದೆ. ಜೋರು ಗಾಳಿಯಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ. 11 ನಾಟ್‌ನಲ್ಲಿ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ. ಜನ ಗಾಳಿ ಸಾಲದು ಅಂತ ದೊಡ್ಡ ಕೈಟ್ ಕೊಳ್ಳುತ್ತಾರೆ, ತಪ್ಪು ಲೈನ್‌ನಲ್ಲಿ ಇರುತ್ತದೆ.

ಆಮೇಲೆ ಕ್ವಿಕ್ ರಿಲೀಸ್, ಅಂದರೆ ಅಪಾಯದಲ್ಲಿ ಕೈಟಿನ ಎಳೆತವನ್ನು ತಕ್ಷಣ ಬಿಡಿಸುವ ಕೊಂಡಿ. ಹಳೆಯದರಲ್ಲಿ ಉಪ್ಪು, ಮರಳು ಕಚ್ಚಿಕೊಂಡಿರುತ್ತದೆ. ಇದಕ್ಕಾಗಿಯೇ 2020ರಲ್ಲಿ ಐಎಸ್ಒ 21853 ಅನ್ನುವ ಮಾನದಂಡ ಬಂದಿದೆ. ಅದಕ್ಕೆ ಒಪ್ಪುವ ಹೊಸ ಬಾರ್ ತೆಗೆದುಕೊಳ್ಳಿ, ನಿಮ್ಮ ಕೈಟಿಗೆ ಹೊಂದುತ್ತದಾ ಅಂತ ಮಾತ್ರ ಕೇಳಿಕೊಳ್ಳಿ. ಉಳಿತಾಯ ಎಲ್ಲಿ ಬೇಕಾದರೂ ಮಾಡಿ, ಇಲ್ಲಿ ಬೇಡ.

ಕೈಟ್‌ಗಳನ್ನು ಹಾಲ್‌ನಲ್ಲಿ ಗಾಳಿ ತುಂಬಿಸಿ ರಾತ್ರಿ ಬಿಡಿ. ಬೆಳಗ್ಗೆ ಮೆತ್ತಗಾಗಿದ್ದರೆ ಬ್ಲಾಡರ್ (ಒಳಗಿನ ಗಾಳಿಚೀಲ) ಸೋರುತ್ತಿದೆ ಅಂತ ಅರ್ಥ. ಅಟ್ಟದ ಸೆಕೆಗೆ ವಾಲ್ವ್‌ನ ಅಂಟು ಬಿಡುವುದು ಮಾಮೂಲು. ನನ್ನದು ಕಡಲಿನ ಮಧ್ಯೆ ಬಿಟ್ಟಿತ್ತು.

ಮುಂಬೈಯಲ್ಲಿರುವ ಕುಂದಾಪುರದವಳು

ಫಾಯಿಲ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನನ್ನ ತೂಕ 57. ಫಾಯಿಲ್ ಕಲಿತ ಮೇಲೆ 10 ನಾಟ್‌ನಲ್ಲಿ 9 ಮೀಟರ್ ಕೈಟ್ ಹಿಡಿದು ಹೋಗುತ್ತೇನೆ. ಬೋರ್ಡ್ ನೀರಿನಿಂದ ಮೇಲೆ ಎದ್ದಾಗ ಸದ್ದೇ ಇರುವುದಿಲ್ಲ. ಸಣ್ಣ ಗಾಳಿಗೆ ಕೊನೆಗೆ ಇದೇ ದಾರಿ ಅಂತ ನನ್ನ ನಂಬಿಕೆ.

ಆದರೆ ನಿಮಗೆ ಈ ಸೀಸನ್‌ನಲ್ಲಿ ಬೇಡ. ಫಾಯಿಲ್ ಕಲಿಯುವಾಗ ಗಮನವೆಲ್ಲ ಕಾಲಿನ ಮೇಲೆ. ಕೈಟ್ ಕಡೆ ನೋಡದೆ ಕೈ ತಾನಾಗಿ ನಡೆಸುವಷ್ಟು ಅಭ್ಯಾಸ ಬೇಕು. ಒಂಬತ್ತು ವರ್ಷದ ನಂತರ ಅದು ಬರಲು ಟೈಮ್ ಬೇಕು. ಮೊಣಕಾಲು ನೋವು ಬೇರೆ ಇದೆ ಅಂತೀರಿ. ಬೀಳುವಾಗ ಆ ರೆಕ್ಕೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನನ್ನ ಮೀನಖಂಡದಲ್ಲಿ ಆರು ಹೊಲಿಗೆ ಇವೆ. ಮುಂದಿನ ವರ್ಷ ಕಲಿಯುವುದಾದರೆ 60 ಸೆಂಟಿಮೀಟರ್‌ನ ಗಿಡ್ಡ ಮಾಸ್ಟ್ (ಬೋರ್ಡಿಗೂ ರೆಕ್ಕೆಗೂ ನಡುವಿನ ಕಂಬ), ದೊಡ್ಡ ಮುಂದಿನ ರೆಕ್ಕೆ ಇಟ್ಟುಕೊಂಡು, ಹೆಲ್ಮೆಟ್, ಪೆಟ್ಟು ತಡೆಯುವ ಇಂಪ್ಯಾಕ್ಟ್ ವೆಸ್ಟ್ ಹಾಕಿಕೊಂಡು ಶುರು ಮಾಡಿ. ಇಳಿತದ ಹೊತ್ತಲ್ಲಿ ತುಂಬ ದೂರ ನಡೆದರೂ ನೀರು ಸೊಂಟ ದಾಟದ ಜಾಗ ಇರುತ್ತದೆ. ಅಲ್ಲಿ ಬೇಡ, ಫಾಯಿಲ್ ನೆಲಕ್ಕೆ ತಾಗುತ್ತದೆ.

ಮೊದಲ ಎರಡು ದಿನ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಇಳಿಯಿರಿ. ನಾನು ಎರಡು ಹೆರಿಗೆ ಆದ ಮೇಲೆ ಹಾಗೆಯೇ ಮಾಡಿದ್ದು. ನಾಚಿಕೆಯ ವಿಷಯವೇ ಅಲ್ಲ.

ಮತ್ತೆ ಮಂಗಳೂರಿನವರು

ಒಂದು ಮಾತು ಬಿಟ್ಟುಹೋಯಿತು. ಕಲ್ಪಿಟಿಯದ ಹಿನ್ನೀರಿನಲ್ಲಿ ಕೈಟ್ ಬಿದ್ದರೆ ಎದ್ದು ನಿಲ್ಲಬಹುದಿತ್ತು. ಗೋವಾದಲ್ಲಿ ಅದು ತೆರೆದ ಕಡಲು. ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಆಗ ಎಷ್ಟೇ ಚೆನ್ನಾಗಿ ಕಂಡರೂ ಇಳಿಯಬಾರದು. ನೆಲ ಕಾದ ಮೇಲೆ, ಮಧ್ಯಾಹ್ನ ಎರಡರ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಅದು ಓರೆಯಾಗಿ ದಡದ ಕಡೆಗೇ ತಳ್ಳುತ್ತದೆ. ಸೂರ್ಯ ಇಳಿಯುತ್ತಾ ಬಂದ ಹಾಗೆ ಗಾಳಿಯೂ ಸಾಯುತ್ತದೆ. ಒಮ್ಮೆ ಇನ್ನೊಂದೇ ಸುತ್ತು ಅಂತ ಹೋಗಿ, ಗಾಳಿ ನಿಂತು, ಮುಕ್ಕಾಲು ಗಂಟೆ ಈಜಿ ಬಂದಿದ್ದೇನೆ. ಈಜಿ ಬರಲು ಆಗುವಷ್ಟೇ ದೂರ ಹೋಗಿ. ಲೈನ್ ಬಾರಿಗೆ ಸುತ್ತಿ, ಕೈಟನ್ನೇ ಹಾಯಿಯ ಹಾಗೆ ಹಿಡಿದು ದಡ ಸೇರುವ ಸೆಲ್ಫ್ ರೆಸ್ಕ್ಯೂ ಮೊದಲ ದಿನವೇ ಮತ್ತೊಮ್ಮೆ ಅಭ್ಯಾಸ ಮಾಡಿ.

ದಡದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರೆ ಆ ಕಡೆ ಸುಳಿಯಬೇಡಿ. ಅದು ಅವರ ಅನ್ನ. ಪಕ್ಕದ ಮೊರ್ಜಿಮ್‌ನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಬೇಲಿ ಹಾಕಿದ ಜಾಗದ ಹತ್ತಿರ ಲೈನ್ ಹರಡಬೇಡಿ.

ಹುಬ್ಬಳ್ಳಿಯಿಂದ, ನಾಲ್ಕು ದಿನದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೈನ್‌ಗಳನ್ನು ಟೆರೇಸ್‌ನ ನೀರಿನ ಟ್ಯಾಂಕ್ ಕಂಬಕ್ಕೆ ಸಿಕ್ಕಿಸಿ ನೋಡಿದೆ. ಮುಂದಿನ ಎರಡೂ ನಾಲ್ಕು ಬೆರಳು ಉದ್ದವಾಗಿವೆ. 12 ಮೀಟರ್ ಬೆಳಗ್ಗೆಗೂ ಗಟ್ಟಿಯಾಗಿತ್ತು, 9ರ ವಾಲ್ವ್ ಕೈಗೇ ಬಂತು. ಹೊಸ ಬಾರ್‌ಗೆ ಹೇಳಿದ್ದೇನೆ, 159ರ ಬೋರ್ಡ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ದೊಡ್ಡ ಕೈಟ್ ಸದ್ಯಕ್ಕೆ ಇಲ್ಲ, ಮೊದಲು 12ರಲ್ಲೇ 14 ನಾಟ್ ಬರುವ ದಿನ ಕಾಯುತ್ತೇನೆ. ಫೆಬ್ರವರಿ ಎರಡನೇ ವಾರ ಅಶ್ವೆಂನಲ್ಲಿ ಯಾರಾದರೂ ಇರುತ್ತೀರಾ? ಕೈಟ್ ಎತ್ತಿಕೊಡಲು ಒಬ್ಬರು ಬೇಕು.

ಬೆಂಗಳೂರಿನಿಂದ

ನಾನಿರುತ್ತೇನೆ ಸರ್. 14 ತರುತ್ತೇನೆ, ಕೊಳ್ಳುವ ಮುಂಚೆ ಒಂದು ಮಧ್ಯಾಹ್ನ ಹಾರಿಸಿ ನೋಡಿ.