ಆನ್ ಮಾಡಿದಾಗಲೆಲ್ಲ ‘ಡಿಸ್ಕ್ ಚೆಕ್’ ಅಂತ ನಿಲ್ಲೋ ಕಂಪ್ಯೂಟರ್: ರಿಪೇರಿಯವರ ಹತ್ರ ಕೇಳಿದ್ದು

ಪ್ರಶ್ನೆ (ಹೊಸನಗರ ಕಡೆ, ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ):
ನಮಸ್ಕಾರ ಸರ್. ನಮ್ಮದು ಬಸ್‌ಸ್ಟ್ಯಾಂಡ್ ಹತ್ರ ಸಣ್ಣ ಅಂಗಡಿ. ಪಹಣಿ ಪ್ರಿಂಟು, ಅರ್ಜಿ ಟೈಪಿಂಗು, ಮದುವೆ ಕಾಗದ ಎಲ್ಲ ಒಂದೇ ಕಂಪ್ಯೂಟರಲ್ಲಿ. ಆರಿದ್ರ ಮಳೆ ಹಿಡಿದಾಗಿನಿಂದ ಬೆಳಗ್ಗೆ ಆನ್ ಮಾಡಿದ್ರೆ ಕಪ್ಪು ಸ್ಕ್ರೀನಲ್ಲಿ ‘ಸ್ಕ್ಯಾನಿಂಗ್ ಆ್ಯಂಡ್ ರಿಪೇರಿಂಗ್ ಡ್ರೈವ್ ಸಿ’ ಅಂತ ಬಂದು ಶೇಕಡಾ ಲೆಕ್ಕ ಓಡ್ತದೆ. ಮೊದಮೊದಲು ಬೇಗ ಮುಗೀತಿತ್ತು. ಈಗ ಅರ್ಧ ಗಂಟೆ ಆದ್ರೂ ಇಲ್ಲ, ಗಿರಾಕಿಗಳು ಕಾಯ್ತಾ ನಿಂತಿರ್ತಾರೆ. ಪರಿಚಯದ ಹುಡುಗ ಒಬ್ಬ ‘ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಹಾಕಿ ರಾತ್ರಿಯಿಡೀ ಬಿಡಿ, ಸರಿಯಾಗ್ತದೆ’ ಅಂದ. ಇನ್ನೊಬ್ರು ಆ ಚೆಕ್ಕೇ ಬಾರದ ಹಾಗೆ ಮಾಡಿಕೊಡ್ತೀನಿ ಅಂತಾರೆ. ಯಾವುದು ಮಾಡ್ಲಿ? ವರ್ಷಾನುಗಟ್ಟಲೆಯ ನುಡಿ ಫೈಲುಗಳು ಇದರಲ್ಲೇ ಇವೆ. ಡಿ ಡ್ರೈವಲ್ಲೂ ಒಂದು ಕಾಪಿ ಇಟ್ಟಿದ್ದೀನಿ.

ಉತ್ತರ (ಹಾರ್ಡ್‌ವೇರ್ ರಿಪೇರಿ, ಶಿವಮೊಗ್ಗ):
ಅಕ್ಕ, ಎರಡೂ ಈಗ ಬೇಡ. ಮೊದಲು ಫೈಲುಗಳು ಆ ಕಂಪ್ಯೂಟರಿನಿಂದ ಹೊರಗೆ ಬರಲಿ, ಇವತ್ತೇ. ಡಿ ಡ್ರೈವಲ್ಲಿ ಇರೋದನ್ನು ಕಾಪಿ ಅಂತ ನಂಬಬೇಡಿ. ಅಂಗಡಿ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಸಿ, ಡಿ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಎರಡು ಭಾಗ. ಡಿಸ್ಕ್ ಕೈಕೊಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ನಮ್ಮ ಅಂಗಡಿಗೆ ಅಳುತ್ತಾ ಬರೋರಲ್ಲಿ ‘ಡಿ ಡ್ರೈವಲ್ಲಿ ಇಟ್ಟಿದ್ದೆ ಸರ್’ ಅನ್ನೋರೇ ಜಾಸ್ತಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇದ್ದರೆ ಅದಕ್ಕೆ, ಇಲ್ಲದಿದ್ದರೆ ದೊಡ್ಡ ಪೆನ್‌ಡ್ರೈವಿಗೆ ಕಾಪಿ ಮಾಡಿ. ಮತ್ತೆ ಮಾಡೋಕೆ ಆಗದೇ ಇರೋ ಫೈಲುಗಳು ಮೊದಲು, ಹಾಡು ಸಿನಿಮಾ ಎಲ್ಲ ಕೊನೆಗೆ. ಯಾವುದಾದರೂ ಫೈಲಲ್ಲಿ ಕಾಪಿ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಅದೇ ಫೈಲನ್ನು ಮತ್ತೆ ಮತ್ತೆ ಒತ್ತಾಯ ಮಾಡಿ ಓದಿಸಿದರೆ ಸುಸ್ತಾದ ಡಿಸ್ಕ್ ಇನ್ನೂ ಸುಸ್ತಾಗುತ್ತೆ.

ಈಗ ಆ ಚೆಕ್ ಏನು ಅಂತ ಹೇಳ್ತೀನಿ. ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಅನ್ನೋ ಲೆಕ್ಕ ತಾಳೆಯಾಗದೇ ಇದ್ದಾಗ ವಿಂಡೋಸ್ ಆ ಡ್ರೈವಿಗೆ ಒಂದು ಗುರುತು ಹಾಕಿಡುತ್ತೆ, ‘ಡರ್ಟಿ ಬಿಟ್’ ಅಂತಾರೆ. ಮುಂದಿನ ಸಲ ಆನ್ ಆಗುವಾಗ ಆ ಗುರುತು ಕಂಡರೆ ಚೆಕ್‌ಡಿಸ್ಕ್ ತಾನಾಗಿ ಓಡುತ್ತೆ. ಅಡಿಕೆ ಮಂಡಿಯಲ್ಲಿ ಲೆಕ್ಕದ ಪುಸ್ತಕ ಬೇರೆ, ಗೋದಾಮಿನ ಮೂಟೆ ಬೇರೆ ಅಲ್ವಾ? ಚೆಕ್‌ಡಿಸ್ಕ್ ಪುಸ್ತಕ ತಿದ್ದುತ್ತೆ. ಮೂಟೆ ಒಳಗಿನ ಅಡಿಕೆ ಹಾಳಾಗಿದ್ದರೆ ಅದನ್ನು ಸರಿ ಮಾಡೋ ಶಕ್ತಿ ಅದಕ್ಕಿಲ್ಲ.

ಒಂದೆರಡು ಸಲ ಕರೆಂಟು ಹೋದ ಮಾತ್ರಕ್ಕೆ ದಿನಾ ಹೀಗೆ ಆಗಬಾರದು. ಈಗಿನ ವಿಂಡೋಸಿನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಬರೆಯೋ ಮೊದಲೇ ಒಂದು ದಾಖಲೆ ಇಟ್ಟುಕೊಳ್ಳುತ್ತೆ, ಅರ್ಧಕ್ಕೆ ನಿಂತ ಕೆಲಸವನ್ನು ಅದರಿಂದ ತಾನೇ ಸರಿಮಾಡಿಕೊಳ್ಳುತ್ತೆ. ಅದನ್ನೂ ಮೀರಿ ಗುರುತು ಬೀಳ್ತಾನೇ ಇದೆ, ಚೆಕ್ ದಿನದಿಂದ ದಿನಕ್ಕೆ ಉದ್ದ ಆಗ್ತಿದೆ ಅಂದ್ರೆ ಡಿಸ್ಕನ್ನೇ ಅನುಮಾನಿಸಬೇಕು.

ಆ ಹುಡುಗ ಹೇಳಿದ ಸ್ಲ್ಯಾಶ್ ಆರ್ ಡಿಸ್ಕಿನ ಪ್ರತಿಯೊಂದು ಸೆಕ್ಟರನ್ನೂ, ಅಂದರೆ ಫೈಲು ಕೂರೋ ಚಿಕ್ಕ ಚಿಕ್ಕ ಖಾನೆಯನ್ನೂ, ಓದಿ ನೋಡುತ್ತೆ. ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಕೆಲಸ. ಗಟ್ಟಿ ಇರೋ ಡಿಸ್ಕಿಗೆ ತೊಂದರೆ ಇಲ್ಲ. ಕೊನೇ ದಿನ ಎಣಿಸ್ತಿರೋ ಡಿಸ್ಕಿಗೆ ಆ ಒಂದು ರಾತ್ರಿಯೇ ಕೊನೇ ರಾತ್ರಿ ಆಗಬಹುದು. ಚೆಕ್ ನಿಲ್ಲಿಸಿಕೊಡ್ತೀನಿ ಅಂದವರು ಮಾಡೋದು ಗುರುತನ್ನು ನೋಡದೇ ಮುಂದೆ ಹೋಗು ಅಂತ ವಿಂಡೋಸಿಗೆ ಹೇಳೋದಷ್ಟೇ. ಗುರುತೂ ಹೋಗಲ್ಲ, ಕಾರಣವೂ ಹೋಗಲ್ಲ, ನಿಮಗೆ ಎಚ್ಚರಿಕೆ ಮಾತ್ರ ತಪ್ಪುತ್ತೆ.

ಕಾಪಿ ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶ ಹಾಕಿ. ನೀಲಿ ಬಣ್ಣದಲ್ಲಿ ‘ಗುಡ್’ ಅಂತ ಇದೆಯಾ, ಹಳದಿಯಲ್ಲಿ ‘ಕಾಷನ್’ ಅಂತ ಇದೆಯಾ ನೋಡಿ. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6, ಸಿ7 ಈ ನಾಲ್ಕು ಸಾಲಿನ ಕೊನೆಯ ಅಂಕಿ ಬರೆದು ಕಳಿಸಿ.

ಪ್ರಶ್ನೆ (ಅದೇ ಅಂಗಡಿಯವರು):
ಕಾಪಿ ಆಯ್ತು ಸರ್, ಎರಡು ಹಳೇ ಫೋಲ್ಡರ್ ಮಾತ್ರ ಬರ್ಲಿಲ್ಲ. ಹಳದಿ ಬಣ್ಣ, ‘ಕಾಷನ್’. 05 ಮುಂದೆ ಬರೀ ಸೊನ್ನೆ. ಸಿ5 ಮುಂದೆ ಸೊನ್ನೆಗಳು, ಕೊನೆಗೆ 18. ಸಿ6, ಸಿ7 ಸೊನ್ನೆ. ಹದಿನೆಂಟು ಅಂದ್ರೆ ಜಾಸ್ತಿಯಾ?

ಉತ್ತರ:
ಅದು ಹದಿನೆಂಟಲ್ಲ, ಇಪ್ಪತ್ನಾಲ್ಕು. ಆ ತಂತ್ರಾಂಶ ಅಂಕಿಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುತ್ತೆ, ಅಂದರೆ 16ರ ಲೆಕ್ಕ: ಒಂದು ಹದಿನಾರು ಮತ್ತು ಎಂಟು. ಸೆಟ್ಟಿಂಗಲ್ಲಿ ಬದಲಾಯಿಸಿಕೊಂಡರೆ ಮಾಮೂಲಿ ಅಂಕಿ ಬರುತ್ತೆ.

ಸಿ5 ಅಂದರೆ ಓದೋಕೆ ಹೋಗಿ ಆಗದೇ ‘ಮುಂದೆ ನೋಡೋಣ’ ಅಂತ ಡಿಸ್ಕ್ ಬಾಕಿ ಇಟ್ಟಿರೋ ಸೆಕ್ಟರುಗಳು. 05 ಅಂದರೆ ಆಗಲೇ ಕೈಬಿಟ್ಟು ಬದಲಿ ಜಾಗ ಕೊಟ್ಟಾಗಿರೋವು. ಸಿ6 ಕೂಡ ಓದಲಾಗದ ಸೆಕ್ಟರುಗಳದ್ದೇ ಲೆಕ್ಕ. ಸಿ7 ಏರುತ್ತಿದ್ದರೆ ದೋಷ ಹೆಚ್ಚಾಗಿ ಡಿಸ್ಕಿನದ್ದಲ್ಲ, ಅದನ್ನು ಮದರ್‌ಬೋರ್ಡಿಗೆ ಸೇರಿಸೋ ಸಾಟಾ ಕೇಬಲ್ಲಿನದ್ದು. ಮಳೆಗಾಲದಲ್ಲಿ ನಮ್ಮ ಕಡೆ ಇದು ಬಹಳ ಸಾಮಾನ್ಯ, ಶೀತಕ್ಕೆ ಕನೆಕ್ಟರಿನ ಲೋಹ ಮಂಕಾಗಿ ಸಂಪರ್ಕ ಸಡಿಲ ಆಗುತ್ತೆ. ಕೇಬಲ್ ಬದಲಾಯಿಸಿದ ಮೇಲೂ ಹಳೇ ಅಂಕಿ ಹಾಗೇ ಇರುತ್ತೆ, ಮುಂದೆ ಏರದಿದ್ದರೆ ಸಾಕು. ನಿಮ್ಮದು ಸೊನ್ನೆ ಇರೋದರಿಂದ ಕೇಬಲ್ ಮೇಲೆ ತಪ್ಪು ಹೊರಿಸೋ ಹಾಗಿಲ್ಲ.

ನ್ಯಾಯವಾಗಿ ಹೇಳಬೇಕಂದ್ರೆ, ಬರೆಯುವಾಗಲೇ ಕರೆಂಟು ಹೋದರೂ ಕೆಲವು ಸೆಕ್ಟರು ಸಿ5ಗೆ ಸೇರಬಹುದು. ಅದರ ಮೇಲೆ ಮತ್ತೆ ಬರೆದಾಗ ಸರಿಯಾಗಿ ಪಟ್ಟಿಯಿಂದ ಹೊರಬರುತ್ತವೆ. ಹಾಗಾಗಿ ಸಿ5ರ ಅಂಕಿ ಒಂದೇ ನೋಡಿ ನಾನು ಡಿಸ್ಕ್ ಎಸೀರಿ ಅನ್ನಲ್ಲ. ಆದರೆ ನಿಮ್ಮಲ್ಲಿ ಫೋಲ್ಡರ್ ಓದೋಕಾಗ್ತಿಲ್ಲ, ಚೆಕ್ ಉದ್ದ ಆಗ್ತಾ ಇದೆ. ವ್ಯಾಪಾರ ಮಾಡೋ ಕಂಪ್ಯೂಟರಲ್ಲಿ ಈ ಡಿಸ್ಕ್ ಇಟ್ಟುಕೊಳ್ಳಬೇಡಿ. ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ಡಿಸ್ಕ್) ಹಾಕಿಸಿ, ವಿಂಡೋಸ್ ಹೊಸದಾಗಿ ಹಾಕಿ, ಫೈಲು ವಾಪಸ್ ತನ್ನಿ. ಇದ್ದ ಹಾಗೇ ಕ್ಲೋನ್ ಮಾಡಿದರೆ ಕೆಟ್ಟ ಲೆಕ್ಕವೂ ಹೊಸ ಡಿಸ್ಕಿಗೆ ಬರುತ್ತೆ. ಇನ್ನೂ ವಿಂಡೋಸ್ 7 ಇದ್ದರೆ ಇದೇ ಸಮಯ, ಅದಕ್ಕೆ ಬೆಂಬಲ ನಿಂತಿದ್ದು 2020ರ ಜನವರಿಯಲ್ಲಿ. 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರಿಗೆ ಮುಗಿದಿದೆ.

ಬಾರದ ಎರಡು ಫೋಲ್ಡರ್ ಬೇಕೇ ಬೇಕು ಅಂದ್ರೆ ಡಿಸ್ಕನ್ನು ಇನ್ನು ಆನ್ ಮಾಡದೇ ತನ್ನಿ. ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆ ಲಿನಕ್ಸ್, ಅದರಲ್ಲಿ ಡಿಡಿರೆಸ್ಕ್ಯೂ ಅನ್ನೋ ತಂತ್ರಾಂಶ ಇದೆ. ಸುಲಭವಾಗಿ ಬರೋ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತೆ. ಎಲ್ಲಿವರೆಗೆ ಆಯ್ತು ಅಂತ ಬರೆದಿಟ್ಟುಕೊಳ್ಳೋದರಿಂದ ನಡುವೆ ನಿಲ್ಲಿಸಿದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಇಡೀ ಡಿಸ್ಕಿನ ಪಡಿಯಚ್ಚು ಕೈಗೆ ಬಂದ ಮೇಲೆ ಆ ಪ್ರತಿಯ ಮೇಲೆ ಏನು ಬೇಕಾದರೂ ಪ್ರಯತ್ನ ಮಾಡಬಹುದು.

ಪ್ರಶ್ನೆ (ತೀರ್ಥಹಳ್ಳಿ):
ನಮ್ಮ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಾ ಚೆಕ್‌ನಲ್ಲೇ ನಿಂತಿದೆ. ಫ್ರಿಜ್ಜಲ್ಲಿ ಇಟ್ಟು ತೆಗೆದರೆ ಓಡ್ತದೆ ಅಂತ ವಿಡಿಯೋದಲ್ಲಿ ನೋಡಿದೆ.

ಉತ್ತರ:
ದಯವಿಟ್ಟು ಬೇಡ. ಮೊದಲು ಆಫ್ ಮಾಡಿ, ಚೆಕ್ ಮುಗಿಯೋದನ್ನು ಕಾಯಬೇಡಿ. ಆ ಸದ್ದು ಒಳಗಿನ ಓದೋ ಹೆಡ್ ಜಾಗ ಸಿಗದೇ ಹೋಗಿ ಬಂದು ಮಾಡೋದು, ಪ್ರತಿ ಹೊಡೆತಕ್ಕೂ ಫೈಲುಗಳಿರೋ ತಟ್ಟೆಯ ಮೇಲ್ಮೈ ಕೆರೆದು ಹೋಗೋ ಸಾಧ್ಯತೆ ಇದೆ. ಫ್ರಿಜ್ಜಿನಿಂದ ತೆಗೆದ ಡಿಸ್ಕಿನ ಮೇಲೆ, ಒಳಗೆ ನೀರಿನ ಪಸೆ ಕೂರುತ್ತೆ. ಆಗುಂಬೆ ಸುತ್ತಲಿನ ಗಾಳಿಯಲ್ಲಿ ಕೇಳಬೇಕಾ. ಮುಚ್ಚಳವನ್ನೂ ಬಿಚ್ಚಬೇಡಿ, ನಮ್ಮಂಥ ಅಂಗಡಿಯಲ್ಲೂ ಬಿಚ್ಚೋ ಹಾಗಿಲ್ಲ. ಅದಕ್ಕೆ ಧೂಳಿಲ್ಲದ ಕೋಣೆ ಇರೋ ಡೇಟಾ ರಿಕವರಿ ಲ್ಯಾಬ್ ಬೇಕು, ಖರ್ಚು ದೊಡ್ಡದು. ಒಳಗಿರೋದು ಅಷ್ಟು ಬೆಲೆಬಾಳೋದಾ ಅಂತ ಮನೆಯಲ್ಲಿ ಮಾತಾಡಿ ತೀರ್ಮಾನ ಮಾಡಿ.

ಪ್ರಶ್ನೆ (ಸಾಗರ, ಸೊಸೈಟಿ ಕೆಲಸ):
ಅಣ್ಣ, ನಮ್ಮಲ್ಲಿ ಮನೆ ಇನ್ವರ್ಟರಿಗೇ ಕಂಪ್ಯೂಟರ್ ಕೊಟ್ಟಿದ್ದೀವಿ. ಕರೆಂಟು ಹೋದಾಗ ಲೈಟು ಮಿಣಕ್ ಅಂತ ಉರೀತಾನೇ ಇರುತ್ತೆ, ಕಂಪ್ಯೂಟರ್ ಮಾತ್ರ ಒಂದೊಂದು ಸಲ ರೀಸ್ಟಾರ್ಟ್ ಆಗಿ ಡಿಸ್ಕ್ ಚೆಕ್ ಕೇಳುತ್ತೆ. ಇನ್ವರ್ಟರ್ ಕೆಟ್ಟಿದೆಯಾ?

ಉತ್ತರ:
ಕೆಟ್ಟಿರಬೇಕಂತಿಲ್ಲ. ಒಳ್ಳೇ ಪ್ರಶ್ನೆ ಕೇಳಿದ್ರಿ, ಮಲೆನಾಡಿನಲ್ಲಿ ಅರ್ಧ ಡಿಸ್ಕ್‌ಚೆಕ್ ತಕರಾರು ಇಲ್ಲೇ ಹುಟ್ಟೋದು.

ಕರೆಂಟು ಹೋದ ಮೇಲೆ ಕಂಪ್ಯೂಟರಿನ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ಕರೆಂಟು ಹಂಚೋ ಡಬ್ಬಿ) ತನ್ನೊಳಗೆ ಉಳಿದಿದ್ದರಲ್ಲಿ ಪೂರ್ತಿ ಲೋಡಿಗೆ ಸುಮಾರು 16 ಮಿಲಿಸೆಕೆಂಡ್ ತಡೆಯೋ ಹಾಗೆ ಮಾಡಿರುತ್ತಾರೆ. ಹಳೇದಾದರೆ, ಅಗ್ಗದ್ದಾದರೆ ಅಷ್ಟೂ ಇಲ್ಲ. ಇನ್ವರ್ಟರ್ ಬ್ಯಾಟರಿಗೆ ಬದಲಾಗೋಕೆ ಯುಪಿಎಸ್ ಮೋಡಲ್ಲಿ ಸುಮಾರು 10 ಮಿಲಿಸೆಕೆಂಡ್ ತಗೊಂಡರೆ, ನಾರ್ಮಲ್ ಅಥವಾ ಇಕೋ ಮೋಡಲ್ಲಿ 40ರ ತನಕ ಹೋಗುತ್ತೆ. ಲೈಟು ಫ್ಯಾನಿಗೆ ಅದು ಗೊತ್ತೇ ಆಗಲ್ಲ, ಕಂಪ್ಯೂಟರ್ ಅಷ್ಟರಲ್ಲಿ ಸತ್ತು ಹುಟ್ಟಿರುತ್ತೆ. ಇನ್ವರ್ಟರಿನ ಹಿಂದೆಯೋ ಮುಂದೆಯೋ ಒಂದು ಸಣ್ಣ ಸ್ವಿಚ್ ಇರುತ್ತೆ, ಯುಪಿಎಸ್ ಕಡೆ ಇದೆಯಾ ನೋಡಿ.

ಅಲ್ಲಿಗೇ ಮುಗಿಯಲ್ಲ. ಯುಪಿಎಸ್ ಮೋಡಲ್ಲಿ ವೋಲ್ಟೇಜು ಸುಮಾರು 180ಕ್ಕಿಂತ ಇಳಿದರೆ ಬ್ಯಾಟರಿಗೆ ಹೋಗಿಬಿಡುತ್ತೆ. ಲೈನಿನ ಕೊನೇ ಮನೆಗಳಲ್ಲಿ ಸಂಜೆ ವೋಲ್ಟೇಜು ಹೇಗಿರುತ್ತೆ ನಿಮಗೇ ಗೊತ್ತು. ಬ್ಯಾಟರಿ ಸುಮ್ಮನೆ ಖಾಲಿ ಆಗುತ್ತೆ. ಅದಕ್ಕೆ ನನ್ನ ಸಲಹೆ: ಇನ್ವರ್ಟರ್ ನಾರ್ಮಲ್‌ನಲ್ಲೇ ಇರಲಿ, ಕಂಪ್ಯೂಟರಿಗೆ ಅಂತಲೇ 600 ವಿಎ ಸಣ್ಣ ಯುಪಿಎಸ್ ಒಂದು ನಡುವೆ ಹಾಕಿ. ಇನ್ವರ್ಟರ್ ಸೈನ್‌ವೇವ್ ಆಗಿರಬೇಕು, ಅಂದರೆ ಲೈನಿನ ಕರೆಂಟಿನ ಹಾಗೇ ನಯವಾದ ಅಲೆ ಕೊಡಬೇಕು. ಸ್ಕ್ವೇರ್‌ವೇವ್ ಕರೆಂಟನ್ನು ಕೆಲವು ಯುಪಿಎಸ್‌ಗಳು ಕರೆಂಟು ಅಂತ ಒಪ್ಪೋದೇ ಇಲ್ಲ. ಮತ್ತೆ ಲೇಸರ್ ಪ್ರಿಂಟರನ್ನು ಯಾವ ಕಾರಣಕ್ಕೂ ಆ ಯುಪಿಎಸ್‌ಗೆ ಚುಚ್ಚಬೇಡಿ. ಬಿಸಿಯಾಗುವಾಗ ಅದು ಎಳೆಯೋ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗಿ ಕಂಪ್ಯೂಟರನ್ನೂ ಕೆಡವುತ್ತೆ.

ಯುಪಿಎಸ್ ಒಳಗಿನ 12 ವೋಲ್ಟಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತೆ. ಪರೀಕ್ಷೆ ಮಾಡೋಕೆ ವಿಂಡೋಸ್ ಓಡುವಾಗ ಪ್ಲಗ್ ಕೀಳಬೇಡಿ. ಕಂಪ್ಯೂಟರನ್ನು ಬಯಾಸ್ ಸೆಟಪ್ ಸ್ಕ್ರೀನಿಗೆ (ವಿಂಡೋಸ್ ಶುರುವಾಗೋ ಮೊದಲಿನ ಸೆಟ್ಟಿಂಗ್ ಪುಟ) ತಂದು ನಿಲ್ಲಿಸಿ, ಆಮೇಲೆ ಯುಪಿಎಸ್ ಪ್ಲಗ್ ತೆಗೆದು ಎಷ್ಟು ನಿಮಿಷ ನಿಲ್ಲುತ್ತೆ ನೋಡಿ. ಅಲ್ಲಿ ಡಿಸ್ಕಿಗೆ ಏನೂ ಬರೀತಿರಲ್ಲ, ಬಿದ್ದರೂ ನಷ್ಟ ಇಲ್ಲ.

ಇನ್ನೊಂದು ಅಭ್ಯಾಸ. ಶಟ್‌ಡೌನ್ ಒತ್ತಿದ ತಕ್ಷಣ ಬೋರ್ಡಿನ ಸ್ವಿಚ್ ಆರಿಸಿ ಬಾಗಿಲು ಹಾಕೋರು ಬಹಳ ಜನ ಇದ್ದಾರೆ. ಫಾಸ್ಟ್ ಸ್ಟಾರ್ಟಪ್ (ಮುಂದಿನ ಸಲ ಬೇಗ ಆನ್ ಆಗಲಿ ಅಂತ ವಿಂಡೋಸ್ ಇರೋ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡೋದು) ಆನ್ ಇದ್ದರೆ ಸ್ಕ್ರೀನ್ ಕಪ್ಪಾದ ಮೇಲೂ ಡಿಸ್ಕಿಗೆ ಬರೆಯೋ ಕೆಲಸ ಸ್ವಲ್ಪ ಬಾಕಿ ಇರುತ್ತೆ. ಕ್ಯಾಬಿನೆಟ್ಟಿನ ಲೈಟು, ಫ್ಯಾನು ನಿಂತ ಮೇಲೆ ಸ್ವಿಚ್ ಆರಿಸಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಟ್ಟರೆ ಇನ್ನೂ ಒಳ್ಳೇದು.

ಪ್ರಶ್ನೆ (ಕೊಪ್ಪ, ವಿದ್ಯಾರ್ಥಿ):
ಸರ್, ನನ್ನ ಲ್ಯಾಪ್‌ಟಾಪಲ್ಲಿ ಉಬುಂಟು ಲಿನಕ್ಸ್. ಆನ್ ಮಾಡಿದ್ರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಅಂತ ನಿಂತು ಎಫ್‌ಎಸ್‌ಸಿಕೆಯನ್ನು (ಲಿನಕ್ಸಿನ ಡಿಸ್ಕ್ ಚೆಕ್) ಕೈಯಿಂದಲೇ ಓಡಿಸು ಅಂತಿದೆ. ತಾರೀಖು ಕೂಡ ಯಾವುದೋ ಹಳೇ ವರ್ಷ ತೋರಿಸ್ತಿದೆ.

ಉತ್ತರ:
ತಾರೀಖು ಹೇಳಿದ್ದು ಉಪಕಾರ ಆಯ್ತು ತಮ್ಮ. ಬಯಾಸ್ ಬ್ಯಾಟರಿ ಹೋಗಿದೆ ಅನ್ಸುತ್ತೆ, ಹೆಚ್ಚಾಗಿ ಸಿಆರ್2032 ನಾಣ್ಯದ ಬ್ಯಾಟರಿ. ಗಡಿಯಾರ ಹಿಂದಕ್ಕೆ ಹೋದರೆ ಡಿಸ್ಕಿನಲ್ಲಿರೋ ‘ಕೊನೆಯ ಸಲ ತೆರೆದಿದ್ದು’ ಅನ್ನೋ ಸಮಯ ಭವಿಷ್ಯದ್ದಾಗಿ ಕಾಣುತ್ತೆ, ಲಿನಕ್ಸು ಅದನ್ನೂ ದೋಷ ಅಂತ ಹಿಡಿಯಬಹುದು. ಬಯಾಸಲ್ಲಿ ತಾರೀಖು ಸರಿಮಾಡಿ ಒಮ್ಮೆ ನೋಡು. ಆದರೂ ನಿಂತರೆ ಉಬುಂಟುವಿನ ಲೈವ್ ಪೆನ್‌ಡ್ರೈವಿನಿಂದ ಶುರು ಮಾಡಿ ಮೊದಲು ಪ್ರಾಜೆಕ್ಟ್ ಫೈಲು ಹೊರಗೆ ತೆಗಿ. ಆಮೇಲೆ ಸ್ಕ್ರೀನಲ್ಲಿ ಹೇಳಿರೋ ಅದೇ ಪಾರ್ಟಿಷನ್ ಮೇಲೆ ಎಫ್‌ಎಸ್‌ಸಿಕೆ ಓಡಿಸು.

ಪ್ರಶ್ನೆ (ಹೊಸನಗರದ ಅಂಗಡಿಯವರು ಮತ್ತೆ):
ಎಸ್‌ಎಸ್‌ಡಿ ಹಾಕಿಸಿದ್ದಾಯ್ತು ಸರ್, ಚೆಕ್ ಬರ್ತಿಲ್ಲ. ಹಳೇ ಡಿಸ್ಕನ್ನು ಎಕ್ಸ್‌ಟರ್ನಲ್ ಕೇಸಿಗೆ ಹಾಕಿ ಬ್ಯಾಕಪ್ಪಿಗೆ ಬಳಸಬಹುದಾ? ಗುಜರಿಯವರೂ ಕೇಳ್ತಿದ್ದಾರೆ.

ಉತ್ತರ:
ಬ್ಯಾಕಪ್ಪಿಗೆ ಬೇಡ ಅಕ್ಕ. ಬ್ಯಾಕಪ್ಪಿಗೆ ಹೊಸದೇ ತಗೊಳ್ಳಿ, ವಾರಕ್ಕೊಮ್ಮೆ ಕಾಪಿ ಮಾಡಿ ಕಂಪ್ಯೂಟರಿನಿಂದ ಬಿಚ್ಚಿ ಬೇರೆ ಕಡೆ ಇಡಿ. ಸಿಡಿಲಿಗೆ ಎರಡೂ ಒಟ್ಟಿಗೆ ಸಿಗಬಾರದು. ಹಳೇ ಡಿಸ್ಕನ್ನು ಒಂದು ತಿಂಗಳು ಹಾಗೇ ಎತ್ತಿಡಿ. ಅಷ್ಟರಲ್ಲಿ ನಿಮ್ಮ ಫೈಲುಗಳನ್ನೆಲ್ಲ ತೆರೆದು ನೋಡಿ, ಬರೀ ಹೆಸರು ಕಂಡರೆ ಸಾಲದು, ಒಳಗಿನ ಅಕ್ಷರ ಬರಬೇಕು.

ಗುಜರಿಗೆ ಹಾಗೇ ಕೊಡಬೇಡಿ. ಗಿರಾಕಿಗಳ ಆಧಾರ್, ಪಾಸ್‌ಬುಕ್ ಸ್ಕ್ಯಾನು ಎಲ್ಲ ಅದರಲ್ಲಿವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅವನ್ನು ಎತ್ತಬಹುದು. ತಿಂಗಳಾದ ಮೇಲೆ ಡ್ರಿಲ್ ಮಷೀನ್ ಇರೋರ ಹತ್ರ ತಟ್ಟೆಗಳ ಮೂಲಕ ಮೂರ್ನಾಲ್ಕು ತೂತು ಕೊರೆಸಿ ಆಮೇಲೆ ಕೊಡಿ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೊರೀಲಿ, ಕೆಲವು ಡಿಸ್ಕಿನ ತಟ್ಟೆ ಗಾಜಿನದ್ದಿರುತ್ತೆ.