ಹಳೇ ಬೆಕ್ಕು ಬೀರುವಿನಿಂದ ಇಳೀತಿಲ್ಲ, ಹೊಸ ಮರಿ ಸೋಫಾ ಬಿಡ್ತಿಲ್ಲ. ಏನು ಮಾಡಲಿ?

ಸುಬ್ಬಿಯಮ್ಮ, ಮೈಸೂರು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮನೇಲಿ ಸುಬ್ಬಿ ಅಂತ ಆರು ವರ್ಷದ ಹೆಣ್ಣು ಬೆಕ್ಕಿದೆ. ಮರಿ ಆಗದ ಹಾಗೆ ಆಪರೇಷನ್ ಆಗಿದೆ, ವರ್ಷಾವರ್ಷ ಇಂಜೆಕ್ಷನ್ನೂ ಹಾಕಿಸ್ತೀವಿ. ಕುವೆಂಪುನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ: ಎರಡು ರೂಮು, ಹಾಲು, ಬಟ್ಟೆ ಒಣಗಿಸೋಕಾಗುವಷ್ಟು ಬಾಲ್ಕನಿ. ಇಷ್ಟು ವರ್ಷ ಈ ಮನೆಗೆ ಯಜಮಾನಿ ಅವಳೇ. ಸಿಲಿಂಡರ್ ಹುಡುಗನನ್ನೂ ಮೂಸಿ ನೋಡಿಯೇ ಒಳಗೆ ಬಿಡೋದು.

ಹೋದ ಶುಕ್ರವಾರ ಸುರಿಯೋ ಮಳೇಲಿ ನನ್ನ ಸ್ಕೂಟರ್ ಕೆಳಗೆ ಒಂದು ಮರಿ ಮುದುರಿಕೊಂಡು ಕೂತಿತ್ತು. ಗಂಡು. ನಾಲ್ಕು ತಿಂಗಳಿರಬಹುದು ಅಂದರು ಡಾಕ್ಟರು. ರೇನ್‌ಕೋಟಿನಲ್ಲಿ ಸುತ್ತಿಕೊಂಡು ತಂದೆ. ಮಗಳು ಆಗಲೇ ‘ಗೊಜ್ಜು’ ಅಂತ ಹೆಸರಿಟ್ಟಾಯ್ತು, ಇನ್ನು ವಾಪಸ್ ಬಿಡೋ ಮಾತೇ ಇಲ್ಲ.

ತಪ್ಪು ನಂದೇ. ಹಾಲಿನ ಮಧ್ಯೆ ಗಂಟು ಬಿಚ್ಚಿ, ‘ನೋಡೇ ಸುಬ್ಬಿ, ತಮ್ಮ ಬಂದಿದಾನೆ’ ಅಂದೆ. ಅವಳ ಬಾಲ ನವಣೆ ತೆನೆ ಹಾಗೆ ಉಬ್ಬಿತು. ಅಂಥಾ ಕೂಗು ನಾನು ಆರು ವರ್ಷದಲ್ಲಿ ಕೇಳಿರಲಿಲ್ಲ. ಅವನ ಮೂಗಿಗೆ ಒಂದು ಗೀರು, ಬಿಡಿಸೋಕೆ ಹೋದ ನನ್ನ ಕೈಗೆ ನಾಲ್ಕು.

ಅವತ್ತಿಂದ ಸುಬ್ಬಿ ಬೀರು ಮೇಲೆ. ಎಲ್ಲರೂ ಮಲಗಿದ ಮೇಲೆ ಇಳಿದು ಒಂದೆರಡು ಬಾಯಿ ತಿಂತಾಳೆ. ಗೊಜ್ಜು ಅವಳ ತಟ್ಟೇಲಿ ತಿಂದು, ಅವಳ ಸೋಫಾ ಮೂಲೇಲಿ ಮಲಗ್ತಾನೆ. ಎರಡು ಸಲ ನಮ್ಮ ಹಾಸಿಗೆ ಮೇಲೆ ಉಚ್ಚೆ ಹೊಯ್ದಳು, ನಿನ್ನೆ ಅತ್ತೆಯವರ ಮಡಿ ಸೀರೆ ಮೇಲೆ. ದಿನಾ ಮೂರು ಹೊತ್ತು ಫಿನಾಯಿಲ್ ಹಾಕಿ ಒರೆಸ್ತಿದೀನಿ. ಇದರ ಮೇಲೆ ದಸರಾಕ್ಕೆ ಊರಿಂದ ಹನ್ನೊಂದು ಜನ ಬರ್ತಾರೆ. ಅಷ್ಟರಲ್ಲಿ ಇವೆರಡೂ ಒಂದಾಗೋ ಥರ ಏನಾದರೂ ದಾರಿ ಇದೆಯಾ?

ತೀರ್ಥಹಳ್ಳಿ ಕಡೆಯವ:

ಎಂತದ್ದೂ ಆಗಲ್ಲ ಮಾರಾಯ್ರೆ. ನಮ್ಮ ಅಜ್ಜಿ ಹೊಸ ಬೆಕ್ಕನ್ನ ಗೋಣಿಚೀಲದಲ್ಲಿ ತರ್ತಿದ್ರು, ವಾಪಸ್ ಹೋಗೋ ದಾರಿ ಗೊತ್ತಾಗಬಾರದು ಅಂತ. ಒಲೆಗೆ ಮೂರು ಸುತ್ತು ಹಾಕಿಸಿ ಬಿಟ್ಟರೆ ಮುಗೀತು. ಎರಡು ದಿನ ಗುರ್ ಅಂತವೆ, ಮೂರನೇ ದಿನ ಒಟ್ಟಿಗೆ ಬಿಸಿಲು ಕಾಯಿಸ್ತವೆ. ಜಾಸ್ತಿ ತಲೆ ಹಾಕಬೇಡಿ.

ಮೂರು ಬೆಕ್ಕಿನ ಮನೆ, ಬೆಂಗಳೂರು:

ಅಣ್ಣಾ, ನಿಮ್ಮ ಮನೇಲಿ ಅಟ್ಟ ಇದೆ, ಕೊಟ್ಟಿಗೆ ಇದೆ, ತೋಟ ಇದೆ. ಮುನಿಸಿಕೊಂಡ ಬೆಕ್ಕಿಗೆ ಹೋಗಿ ಕೂರೋಕೆ ಜಾಗ ಇದೆ. ಎರಡು ರೂಮಿನ ಮನೇಲಿ ಬೀರು ಬಿಟ್ಟರೆ ಅವಳಿಗೆ ಇನ್ನೆಲ್ಲಿದೆ ಹೇಳಿ?

ಸುಬ್ಬಿಯಮ್ಮ, ಹತ್ತೊಂಬತ್ತು ದಿನ ನಾನೂ ಇದೇ ಅನುಭವಿಸಿದ್ದೀನಿ. ಮೊದಲು ಗೊಜ್ಜುನ ಇವತ್ತೇ ಒಂದು ರೂಮಿಗೆ ಹಾಕಿ ಬಾಗಿಲು ಮುಚ್ಚಿ. ಅವನಿಗೆ ಬೇರೆ ತಟ್ಟೆ, ಬೇರೆ ನೀರು, ಬೇರೆ ಮರಳಿನ ಟ್ರೇ. ಮಿಕ್ಕ ಮನೆಯೆಲ್ಲ ಸುಬ್ಬಿಗೆ ವಾಪಸ್. ಅವರಿಬ್ಬರೂ ಭೇಟಿಯೇ ಆಗಿಲ್ಲ ಅಂದುಕೊಂಡು ಮೊದಲಿಂದ ಶುರು ಮಾಡಿ. ಅವನು ಒಬ್ಬನೇ ಪಾಪ ಅಂತ ಅನಿಸುತ್ತೆ. ಮಳೇಲಿ ನೆನೆದು ಬಂದ ಮರಿಗೆ ಒಂದು ಬೆಚ್ಚಗಿನ ರೂಮೇ ಅರಮನೆ, ಅದರ ಚಿಂತೆ ಬಿಡಿ.

ನಾವು ಮುಖ ನೋಡಿ ಪರಿಚಯ ಮಾಡ್ಕೋತೀವಿ, ಬೆಕ್ಕು ವಾಸನೆ ನೋಡಿ. ಅವುಗಳ ಕೆನ್ನೆ ಹತ್ತಿರ ವಾಸನೆಯ ಗ್ರಂಥಿ ಇರುತ್ತೆ, ಸೋಫಾ ಮೂಲೆಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜಿ ‘ಇದು ನಂದು’ ಅಂತ ಗುರುತು ಹಾಕೋದು ಅದರಿಂದಲೇ. ಹಳೇ ಕಾಲುಚೀಲದಿಂದ ಗೊಜ್ಜು ಕೆನ್ನೆ ಒರೆಸಿ ಸುಬ್ಬಿ ತಟ್ಟೆಯಿಂದ ಒಂದು ಮಾರು ದೂರ ಇಡಿ. ಬುಸ್ ಅಂದರೆ ಇನ್ನೂ ದೂರ. ಮೂಸಿ ಸುಮ್ಮನೆ ಊಟ ಮುಂದುವರಿಸಿದರೆ ಮಾರನೇ ದಿನ ಒಂದು ಗೇಣು ಹತ್ತಿರ. ಅವಳು ಮಲಗೋ ಬಟ್ಟೆ ಅವನ ರೂಮಿಗೆ. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಇಬ್ಬರಿಗೂ ಒಂದೇ ಹೊತ್ತಿಗೆ ಊಟ. ಆ ವಾಸನೆ ಬಂದರೆ ಒಳ್ಳೇದೇನೋ ಸಿಗುತ್ತೆ ಅಂತ ಅವಳ ತಲೇಲಿ ಕೂರಬೇಕು, ಅಷ್ಟೇ ಉಪಾಯ. ದಿನಕ್ಕೊಂದು ಸಲ ಜಾಗ ಅದಲು ಬದಲು ಮಾಡಿ: ಅವನು ಅರ್ಧ ಗಂಟೆ ಹಾಲಿನಲ್ಲಿ, ಅವಳು ಅವನ ರೂಮಲ್ಲಿ.

ಮುಖಾಮುಖಿ ಆಮೇಲೆ, ಅದೂ ಜಾಲರಿ ಅಡ್ಡ ಇಟ್ಟು. ನಾನು ಕಿಟಕಿಗೆ ಹಾಕೋ ಸೊಳ್ಳೆ ಜಾಲರಿಯನ್ನ ಮರದ ಪಟ್ಟಿಗೆ ಹೊಡೆದು ಬಾಗಿಲಿಗೆ ನಿಲ್ಲಿಸಿದ್ದೆ. ಬುಸ್ಸನ್ನೋದು, ಗುರ್ ಅನ್ನೋದು ಜಗಳ ಅಲ್ಲ, ‘ಅಲ್ಲೇ ಇರು’ ಅಂತ ಹೇಳೋದು. ಅದಕ್ಕೆ ಬೈಯಬೇಡಿ. ಕಿವಿ ತಲೆಗೆ ಅಂಟಿಸಿಕೊಂಡು ಕಣ್ಣು ಮಿಟುಕಿಸದೆ ನೋಡ್ತಿದ್ದರೆ ಮಾತ್ರ ಮಧ್ಯೆ ಒಂದು ರಟ್ಟು ಅಡ್ಡ ಹಿಡಿದು ಅವತ್ತಿಗೆ ನಿಲ್ಲಿಸಿ. ಕೈ ಹಾಕಬೇಡಿ, ಅನುಭವ ಆಗಿದೆಯಲ್ಲ.

ಇನ್ನು ಫಿನಾಯಿಲ್. ದಯವಿಟ್ಟು ಇವತ್ತೇ ನಿಲ್ಲಿಸಿ. ಅದು ಬೆಕ್ಕಿಗೆ ವಿಷ, ಒರೆಸಿದ ನೆಲದಲ್ಲಿ ನಡೆದು ಪಂಜ ನೆಕ್ಕಿದರೆ ಹೊಟ್ಟೆಗೇ ಹೋಗುತ್ತೆ. ಇನ್ನೊಂದು, ಸುಬ್ಬಿ ಆರು ವರ್ಷ ಕೆನ್ನೆ ಉಜ್ಜಿ ಉಜ್ಜಿ ಬರೆದಿಟ್ಟ ವಾಸನೆಯನ್ನೆಲ್ಲ ದಿನಾ ಮೂರು ಸಲ ನೀವೇ ಅಳಿಸ್ತಿದೀರಿ. ಅವಳು ತನ್ನ ಮನೆ ಯಾವುದು ಅಂತ ಮತ್ತೆ ಬರೀಬೇಕಲ್ಲ, ಅತ್ತೆಯವರ ಸೀರೆ ಸಿಕ್ತು. ಪೆಟ್ ಅಂಗಡೀಲಿ ಎಂಜೈಮ್ ಇರೋ ಕ್ಲೀನರ್ ಸಿಗುತ್ತೆ, ಉಚ್ಚೆ ಹೊಯ್ದ ಜಾಗಕ್ಕೆ ಅದು.

ಎರಡು ಬೆಕ್ಕಿಗೆ ಮೂರು ಟ್ರೇ ಇಡಿ, ಒಂದೇ ಕಡೆ ಸಾಲಾಗಿ ಅಲ್ಲ. ದಸರಾ ಅಂತ ತಾರೀಖು ಹಾಕ್ಕೋಬೇಡಿ. ತಾರೀಖು ಹೇಳೋದು ಸುಬ್ಬಿ.

ಪಶುವೈದ್ಯ, ಹಾಸನ:

ಮೇಲೆ ಹೇಳಿದ್ದು ಸರಿ. ಆದರೆ ಮೊದಲು ಆಸ್ಪತ್ರೆ, ಆಮೇಲೆ ಕಾಲುಚೀಲ. ಸುಬ್ಬಿಗೆ ಮೂತ್ರ ಪರೀಕ್ಷೆ ಮಾಡಿಸಿ. ಗಾಬರಿಯಿಂದಲೇ ಬೆಕ್ಕಿನ ಮೂತ್ರಕೋಶ ಊದಿಕೊಳ್ಳುತ್ತೆ, ಆಗ ಉರಿ ತಾಳಲಾರದೆ ಮೆತ್ತಗಿರೋ ಜಾಗ ಹುಡುಕ್ತವೆ. ಹಠ ಅಂತ ಬೈಯೋದು ತಪ್ಪು. ಊಟದ ಮೇಲೂ ಕಣ್ಣಿಡಿ. ಅವಳು ದಪ್ಪ ಇದ್ದರೆ, ಎರಡು ದಿನ ಪೂರ್ತಿ ತಿನ್ನದಿದ್ದರೂ ಲಿವರ್‌ಗೆ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಬರುತ್ತೆ.

ಬೀದಿ ಮರಿಯನ್ನ ಎರಡು ವಾರ ಬೇರೆ ಇಡೋದಕ್ಕೆ ಇನ್ನೊಂದು ಕಾರಣ ಪ್ಯಾನ್‌ಲ್ಯೂಕೋಪೀನಿಯಾ, ಬೆಕ್ಕಿಂದ ಬೆಕ್ಕಿಗೆ ಅಂಟೋ ವೈರಸ್ ರೋಗ. ವಾಂತಿ, ಭೇದಿ, ಜ್ವರ ಬಂದು ಮರಿಗಳು ಬೇಗ ಹೋಗಿಬಿಡ್ತವೆ. ಸುಬ್ಬಿಗೆ ಇಂಜೆಕ್ಷನ್ ಆಗಿರೋದು ಪುಣ್ಯ. ಗೊಜ್ಜುಗೆ ತ್ರೀ-ಇನ್-ಒನ್ (ಈ ರೋಗವೂ ಸೇರಿ ಮೂರಕ್ಕೆ ಒಂದೇ ಇಂಜೆಕ್ಷನ್), ರೇಬಿಸ್ ಎರಡೂ ಹಾಕಿಸಿ, ಜಂತು ಔಷಧಿ ಕೊಡಿ. ಐದು ತಿಂಗಳಾಗುತ್ತಲೇ ಆಪರೇಷನ್ ಮಾಡಿಸಿ, ಗೋಡೆಗೆಲ್ಲ ಉಚ್ಚೆ ಹಾರಿಸೋ ಚಾಳಿ ಶುರುವಾಗೋ ಮುಂಚೆ.

ನಿಮ್ಮ ಕೈ ಗೀರಿದ್ದು ಯಾವ ಬೆಕ್ಕು? ಬೀದಿ ಮರಿಯಾದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ನೀವು ರೇಬಿಸ್ ಇಂಜೆಕ್ಷನ್ ತಗೋಬೇಕಿತ್ತು. ತಗೊಂಡಿಲ್ಲದಿದ್ದರೆ ಇದನ್ನ ಓದಿದ ತಕ್ಷಣ ಹೊರಡಿ.

ಸುಬ್ಬಿಯಮ್ಮ, ಮೈಸೂರು:

ಡಾಕ್ಟರೇ, ಗೀರು ಯಾರದ್ದು ಅಂತ ಗೊತ್ತಿಲ್ಲ, ಆ ಗಲಾಟೇಲಿ ಎರಡೂ ಒಂದೇ ಉಂಡೆ. ಈಗಲೇ ಹೊರಟೆ.

ಸುಬ್ಬಿಯಮ್ಮ, ಮೈಸೂರು (ಇಪ್ಪತ್ತಮೂರು ದಿನದ ಮೇಲೆ):

ಕೇಳಿದವರಿಗೆಲ್ಲ ಒಟ್ಟಿಗೆ ಹೇಳಿಬಿಡ್ತೀನಿ. ಸುಬ್ಬಿಗೆ ಮೂತ್ರಕೋಶ ಊದಿದ್ದು ನಿಜ. ಔಷಧಿ ಕೊಟ್ಟು, ಫಿನಾಯಿಲ್ ಬಾಟಲಿ ಕೆಳಗಿನ ಮನೆಯವರಿಗೆ ಕೊಟ್ಟ ಮೇಲೆ ಒಂದೇ ಒಂದು ಸಲ ಹೊರಗೆ ಹೊಯ್ದಳು. ನಾಲ್ಕನೇ ದಿನ ಬೀರಿನಿಂದ ಇಳಿದು ಸೋಫಾ ಮೂಲೆಗೆ ಕೆನ್ನೆ ಉಜ್ಜಿದಾಗ ನನಗೆ ಕಣ್ಣಲ್ಲಿ ನೀರು ಬಂತು, ನಗಬೇಡಿ.

ಕಾಲುಚೀಲ ಮೊದಲ ದಿನ ಹೊಡೆಸಿಕೊಂಡಿತು. ಆರನೇ ದಿನ ಅದರ ಮೇಲೆ ಕಾಲಿಟ್ಟುಕೊಂಡೇ ಊಟ ಮಾಡಿದಳು. ಜಾಲರಿ ನಮ್ಮೆಜಮಾನ್ರು ಹೊಡೆದು ಕೊಟ್ಟರು, ಸ್ವಲ್ಪ ಸೊಟ್ಟ. ಮಧ್ಯೆ ಒಂದು ದಿನ ಮಗಳು ಬಾಗಿಲು ಹಾಕೋದು ಮರೆತು ಮತ್ತೆ ರಾಮಾಯಣ ಆಯ್ತು, ನಾಲ್ಕು ದಿನ ಹಿಂದಕ್ಕೆ ಹೋದೆವು. ಈಗ ದಿನಕ್ಕೆ ಎರಡು ಸಲ ಜಾಲರಿ ತೆಗೀತೀವಿ, ಹದಿನೈದು ನಿಮಿಷ. ಗೊಜ್ಜು ಆಟಕ್ಕೆ ಹಾರಿದರೆ ಒಂದು ಏಟು ಕೊಡ್ತಾಳೆ, ಉಗುರು ಒಳಗೇ ಇರುತ್ತೆ. ಒಟ್ಟಿಗೆ ಬಿಸಿಲು ಕಾಯಿಸೋ ಮಟ್ಟಕ್ಕೆ ಬಂದಿಲ್ಲ ತೀರ್ಥಹಳ್ಳಿ ಅಣ್ಣಾ. ನಿನ್ನೆ ಸೋಫಾದ ಆ ತುದಿ ಒಬ್ಬಳು, ಈ ತುದಿ ಒಬ್ಬ, ಮಧ್ಯೆ ನಾನು ಅವರೇಕಾಯಿ ಬಿಡಿಸ್ತಾ ಕೂತಿದ್ದೆ.

ದಸರಾ ನೆಂಟರದ್ದು ನಾನು ಬಾಯಿ ಬಿಡೋ ಮುಂಚೆ ಅತ್ತೆಯವರೇ ಊರಿಗೆ ಫೋನ್ ಮಾಡಿದ್ದರು. ‘ಒಂದು ರೂಮು ಖಾಲಿ ಇಲ್ಲ, ಅಲ್ಲಿ ಗೊಜ್ಜು ಇದಾನೆ. ನೀವೆಲ್ಲ ಹಾಲಿನಲ್ಲೇ ಚಾಪೆ ಹಾಕ್ಕೋಬೇಕು.’ ಆ ಕಡೆಯವರು, ಗೊಜ್ಜಿಗೆ ಯಾಕೆ ಒಂದು ರೂಮು ಅಂತ ಇನ್ನೂ ಕೇಳ್ತಿದಾರೆ.